ನಲವತ್ತರ ವೇಗದ ಘಾಟಿ ರಸ್ತೆಗೂ ಸೀಟ್ ಬೆಲ್ಟ್ ಬೇಕಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಪೇಟೆಗೆ, ನೆಂಟರ ಮನೆಗೆ, ಆಗಾಗ ಶಿವಮೊಗ್ಗಕ್ಕೆ ಕಾರಿನಲ್ಲೇ ಓಡಾಟ. ನಮ್ಮ ರಸ್ತೆಗಳ ತಿರುವಿನಲ್ಲಿ 40ರ ಮೇಲೆ ಓಡಿಸೋಕೇ ಆಗಲ್ಲ. ಇಷ್ಟು ನಿಧಾನಕ್ಕೂ ಸೀಟ್ ಬೆಲ್ಟ್ ಬೇಕಾ? ಕಾರು ಹೊಳೆಗೋ ಕಂದಕಕ್ಕೋ ಬಿದ್ದರೆ ಬೆಲ್ಟೇ ಉರುಳಾಗಲ್ವಾ? ಬೆಲ್ಟ್ ಹಾಕಿದ ಧೈರ್ಯಕ್ಕೆ ಜನ ಇನ್ನೂ ಜೋರಾಗಿ ಓಡಿಸ್ತಾರೆ ಅಂತ ನಮ್ಮ ಭಾವ ವಾದ ಮಾಡ್ತಾರೆ. ಕಡ್ಡಾಯ ಮಾಡಿದ್ದರಿಂದ ನಿಜವಾಗಿ ಸಾವು ಕಡಿಮೆ ಆಗಿದೆಯಾ, ಇಲ್ಲಾ ದಂಡ ವಸೂಲಿಗೆ ಒಂದು ದಾರಿ ಅಷ್ಟೇನಾ? ಇನ್ನೊಂದು ವಿಷಯ. ಅಮ್ಮನಿಗೆ ಬೆಲ್ಟ್ ಕುತ್ತಿಗೆಗೆ ಒತ್ತುತ್ತೆ. ಮೊಮ್ಮಗುವನ್ನು ತೊಡೆ ಮೇಲೇ ಕೂರಿಸಿಕೊಳ್ಳಬೇಕು ಅಂತ ಹಟ ಬೇರೆ. ಏನು ಮಾಡೋದು?

ಉತ್ತರ: ವೇಗದಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಅನುಮಾನಗಳ ಬೇರು ಅಲ್ಲೇ ಇದೆ.

40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಆ ವೇಗದಲ್ಲಿ ಹೋಗುತ್ತಿದ್ದ ಕಾರು ರಸ್ತೆ ಬದಿಯ ಮರಕ್ಕೆ ಹೊಡೆದು ನಿಂತಿತು ಅಂದುಕೊಳ್ಳಿ. ಕಾರು ನಿಂತಿತು, ಒಳಗಿರುವ ನಾವು ನಿಂತಿಲ್ಲ. ಅದೇ 40ರಲ್ಲಿ ಮುಂದಕ್ಕೆ ಹೋಗಿ ಸ್ಟೇರಿಂಗಿಗೋ ಡ್ಯಾಶ್‌ಬೋರ್ಡಿಗೋ ಗಾಜಿಗೋ ಹೊಡೆಯುತ್ತೇವೆ. ಅಡಿಕೆ ಮರದಲ್ಲಿ 20 ಅಡಿ ಎತ್ತರದಿಂದ ಕೈ ಜಾರಿ ಬಿದ್ದರೆ ನೆಲ ಮುಟ್ಟುವಾಗ ಇರುವ ವೇಗವೂ ಇಷ್ಟೇ. ಕೊನೆ (ಅಡಿಕೆ ಗೊನೆ) ತೆಗೆಯುವವರು ಮರದಿಂದ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ. 60ರ ವೇಗಕ್ಕೆ ಆ ಎತ್ತರ 46 ಅಡಿ ಆಗುತ್ತದೆ. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಪೆಟ್ಟು ಎರಡು ಪಟ್ಟಿಗೂ ಜಾಸ್ತಿ.

ಪೆಟ್ಟಿನ ಜೋರು ನಿಮ್ಮ ಮೀಟರಿನಲ್ಲಿ ಕಾಣುವ ವೇಗದಿಂದಷ್ಟೇ ಬರುವುದಿಲ್ಲ, ಎದುರಿನಿಂದ ಬರುವ ಗಾಡಿಯಿಂದಲೂ ಬರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಹುಲಿಕಲ್ ಘಾಟಿಯ ಕಡೆಯ ಒಂದು ತಿರುವಿನಲ್ಲಿ ನೀವು 40ರಲ್ಲಿ ಇದ್ದೀರಿ, ಎದುರಿಗೆ 50ರಲ್ಲಿ ಬಸ್ಸು ಬಂತು. ಬಸ್ಸು 12 ಟನ್, ನಿಮ್ಮ ಕಾರು 1 ಟನ್ ಅಂತ ಇಟ್ಟುಕೊಳ್ಳೋಣ. ಮುಖಾಮುಖಿ ಹೊಡೆದರೆ ಬಸ್ಸಿನ ವೇಗ ಸ್ವಲ್ಪ ಕುಗ್ಗುತ್ತದೆ ಅಷ್ಟೇ. ನಿಮ್ಮ ಕಾರು ಮಾತ್ರ ನಿಂತು, ಅದೇ ಕ್ಷಣದಲ್ಲಿ ಹಿಂದಕ್ಕೆ ತಳ್ಳಿಸಿಕೊಂಡು ಹೋಗುತ್ತದೆ. ಲೆಕ್ಕ ಹಾಕಿದರೆ ಒಳಗಿರುವವರ ಪಾಲಿಗೆ ಅದು 80 ಕಿ.ಮೀ. ಮೀರಿದ ಪೆಟ್ಟು. ಅಂಥ ಪೆಟ್ಟಿನಲ್ಲಿ ಬೆಲ್ಟ್ ಕೂಡ ಎಲ್ಲರನ್ನೂ ಉಳಿಸಲಾರದು, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಆದರೆ "ನಾನು ನಿಧಾನ ಓಡಿಸ್ತೇನೆ" ಅನ್ನೋದು ಅರ್ಧ ಲೆಕ್ಕ. ಉಳಿದರ್ಧ ತಿರುವಿನ ಆಚೆ ಇರುವವರ ಕೈಯಲ್ಲಿದೆ.

ಬೆಲ್ಟ್ ಮಾಡುವ ಕೆಲಸ ಸರಳ. ಕಾರಿನ ಮುಂಭಾಗ ಮುದುಡುವಾಗ ಸಿಗುವ ಒಂದಿಷ್ಟು ಸಮಯವನ್ನು ಅದು ನಮ್ಮ ಮೈಗೂ ಕೊಡುತ್ತದೆ. ಕಾರಿನ ಜೊತೆಗೇ ನಾವೂ ನಿಧಾನವಾಗುತ್ತೇವೆ. ಆ ಹೊರೆಯನ್ನು ಸೊಂಟದ ಮೂಳೆ, ಪಕ್ಕೆಲುಬು, ಹೆಗಲ ಮೂಳೆ ಹೊರುತ್ತವೆ. ತಲೆ, ಹೊಟ್ಟೆ ಉಳಿಯುತ್ತವೆ. ಹೆಗಲು ಮತ್ತು ಸೊಂಟ ಎರಡನ್ನೂ ಹಿಡಿಯುವ ಈಗಿನ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಬೇರೆ ಕಂಪನಿಗಳೂ ಅದನ್ನು ಬಳಸಲಿ ಅಂತ ವೋಲ್ವೋ ಬಿಟ್ಟುಕೊಟ್ಟಿತು. ಮುಂದಿನ ಸೀಟಿನವರು ಬೆಲ್ಟ್ ಹಾಕಿದರೆ ಸಾಯುವ ಅಪಾಯ ಶೇ. 45ರಿಂದ 50ರಷ್ಟು ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿಂದಿನ ಸೀಟಿನವರಿಗೂ ಸಾವು ಮತ್ತು ದೊಡ್ಡ ಗಾಯದ ಅಪಾಯ ಸುಮಾರು ಕಾಲು ಭಾಗ ಇಳಿಯುತ್ತದೆ.

ಅಪಘಾತ ಆದ ಗಾಡಿಗಳನ್ನು ಪರೀಕ್ಷೆ ಮಾಡಿ ವರದಿ ಕೊಡುವುದು ನನ್ನ ಕೆಲಸವಾಗಿತ್ತು. ಠಾಣೆಯ ಅಂಗಳದಲ್ಲಿ ತಂದು ನಿಲ್ಲಿಸಿದ ಕಾರಿನ ಬೆಲ್ಟ್ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಈಗಿನ ಬಹುತೇಕ ಕಾರುಗಳ ಮುಂದಿನ ಬೆಲ್ಟಿನಲ್ಲಿ ಪ್ರಿಟೆನ್ಷನರ್ ಅಂತ ಒಂದು ಭಾಗ ಇರುತ್ತದೆ. ಡಿಕ್ಕಿಯಾದ ತಕ್ಷಣ ಸಣ್ಣ ಸಿಡಿತದಿಂದ ಅದು ಬೆಲ್ಟನ್ನು ಬಿಗಿಯಾಗಿ ಎಳೆಯುತ್ತದೆ, ಆಮೇಲೆ ಬೆಲ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಕಿಕೊಂಡಿದ್ದರೆ ಪಟ್ಟಿ ಹೊರಗೆ ಬಂದ ಸ್ಥಿತಿಯಲ್ಲೇ ನಿಂತಿರುತ್ತದೆ. ಹಾಕಿಕೊಳ್ಳದೆ ಇದ್ದರೆ ಬಾಗಿಲ ಪಕ್ಕದ ಕಂಬದ ಒಳಗೆ ಸುತ್ತಿಕೊಂಡೇ ಬಿಗಿದಿರುತ್ತದೆ, ಎಷ್ಟು ಎಳೆದರೂ ಬರಲ್ಲ. ಮೈ ಭಾರ ಹೊತ್ತ ಪಟ್ಟಿಯ ಮೇಲೆ, ಹೆಗಲ ಹತ್ತಿರ ಪಟ್ಟಿ ಹಾದುಬರುವ ಬಳೆಯಲ್ಲಿ ಉಜ್ಜಿದ ಜಾಗದಲ್ಲಿ, ನೂಲು ಕರಗಿದ ಹಾಗೆ ಹೊಳಪಿನ ಗೆರೆ ಬಿದ್ದಿರುತ್ತದೆ. ಪಟ್ಟಿ ಹೊಸದರಂತೆ ನುಣ್ಣಗಿದ್ದು, ಎದುರಿನ ಗಾಜಿನಲ್ಲಿ ತಲೆಯ ಎತ್ತರಕ್ಕೆ ದುಂಡಗೆ ಉಬ್ಬಿದ ಬಿರುಕು ಇದ್ದರೆ ಏನಾಯಿತು ಅಂತ ಯಾರನ್ನೂ ಕೇಳಬೇಕಿಲ್ಲ. ಇಂಥ ಗಾಜುಗಳನ್ನು ಹೆದ್ದಾರಿಯ ಕಾರುಗಳಲ್ಲಿ ನೋಡಿದಷ್ಟೇ ಹಳ್ಳಿ ರಸ್ತೆಯ ಕಾರುಗಳಲ್ಲೂ ನೋಡಿದ್ದೇನೆ.

ಏರ್‌ಬ್ಯಾಗ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಏರ್‌ಬ್ಯಾಗ್ ಬೆಲ್ಟಿನ ಜೊತೆಗೆ ಕೆಲಸ ಮಾಡಲಿ ಅಂತಲೇ ಮಾಡಿದ್ದು, ಬೆಲ್ಟಿನ ಬದಲಿಗೆ ಅಲ್ಲ. ಅದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬುತ್ತದೆ. ಬೆಲ್ಟ್ ಇಲ್ಲದ ಮೈ ಅಷ್ಟರಲ್ಲಿ ಮುಂದಕ್ಕೆ ಜಾರಿ, ಉಬ್ಬುತ್ತಿರುವ ಚೀಲಕ್ಕೇ ಮುಖ ಕೊಟ್ಟರೆ ಅದೇ ಗಾಯ ಮಾಡುತ್ತದೆ.

ಇನ್ನು ಹೊಳೆ, ಕಂದಕದ ಭಯ. ಗಾಜನೂರಿನಿಂದ ಮಂಡಗದ್ದೆವರೆಗೆ ತುಂಗೆಯ ಪಕ್ಕದಲ್ಲೇ ಹೋಗುವವರಿಗೆ ಈ ಭಯ ಇರೋದು ಸಹಜ. ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಯೋಚನೆ ಮಾಡಿ. ಸಾಮಾನ್ಯವಾಗಿ ಕಾರು ಸೀದಾ ಬಂದು ನೀರಿಗೆ ಇಳಿಯುವುದಿಲ್ಲ. ಮೊದಲು ತಡೆಗೋಡೆಗೆ, ಮರಕ್ಕೆ, ಬಂಡೆಗೆ ಹೊಡೆಯುತ್ತದೆ, ಇಲ್ಲಾ ಒಂದೆರಡು ಸಲ ಮಗುಚುತ್ತದೆ. ಆಗ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದರೆ ಬೆಲ್ಟ್ ಇಲ್ಲದಿದ್ದರೂ ಈಚೆ ಬರಲು ಆಗುವುದಿಲ್ಲ. ಎಚ್ಚರ ಇದ್ದವರು ಬಕಲ್ ಒತ್ತಿ ಬಿಡಿಸಿಕೊಳ್ಳಲು ಒಂದು ಕ್ಷಣ ಸಾಕು. ಕಂದಕಕ್ಕೆ ಮಗುಚಿದ ಕಾರಿನಲ್ಲಂತೂ ದೊಡ್ಡ ಅಪಾಯ ಹೊರಗೆ ಎಸೆಯಲ್ಪಡುವುದು. ಅಮೆರಿಕದ ಸರ್ಕಾರಿ ದಾಖಲೆಗಳ ಪ್ರಕಾರ, ಸಾವು ಸಂಭವಿಸಿದ ಅಪಘಾತಗಳಲ್ಲಿ ಕಾರಿನಿಂದ ಪೂರ್ತಿ ಹೊರಗೆ ಬಿದ್ದವರ ಪೈಕಿ ಐವರಲ್ಲಿ ನಾಲ್ವರು ಉಳಿಯುವುದಿಲ್ಲ. ಬಾಗಿಲು ತೆರೆದುಕೊಂಡು ಹೊರಗೆ ಬಿದ್ದು ಬದುಕಿದವರ ಕಥೆ ಪ್ರತಿ ಊರಿನಲ್ಲೂ ಒಂದಿರುತ್ತದೆ. ಹಾಗೆ ಬಿದ್ದು ಹೋದವರು ಬಂದು ಕಥೆ ಹೇಳುವುದಿಲ್ಲ, ಅಲ್ವಾ?

ಆದರೂ ಮನೆಯವರಿಗೆಲ್ಲ ಇಷ್ಟು ಹೇಳಿಕೊಡಿ. ನೀರಿಗೆ ಬಿದ್ದರೆ ಬೆಲ್ಟ್ ಬಿಡಿಸಿ, ತಕ್ಷಣ ಕಿಟಕಿ ಇಳಿಸಿ, ಮೊದಲು ಮಕ್ಕಳನ್ನು ಹೊರಗೆ ಕಳಿಸಿ, ಹಿಂದೆಯೇ ನೀವೂ ಹೊರಡಿ. ಬಾಗಿಲು ತೆಗೆಯಲು ಒದ್ದಾಡಬೇಡಿ, ನೀರಿನ ಒತ್ತಡಕ್ಕೆ ಅದು ತೆಗೆಯಲ್ಲ. ಪವರ್ ಕಿಟಕಿ ನೀರಿನಲ್ಲೂ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ, ಆ ಹೊತ್ತನ್ನು ಫೋನ್ ಹುಡುಕಲು ಕಳೆಯಬೇಡಿ. ಗಾಜು ಒಡೆಯಬೇಕಾಗಿ ಬಂದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಎದುರಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಒಡೆದರೂ ಬಿಟ್ಟುಕೊಳ್ಳಲ್ಲ. ಗಾಜು ಒಡೆಯುವ ಸಣ್ಣ ಸುತ್ತಿಗೆ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಿಂದೆ ಸಾಮಾನು ಇಡುವ ಡಿಕ್ಕಿಯಲ್ಲಿ ಇಡಬೇಡಿ, ಕೈಗೆ ಸಿಗುವಲ್ಲಿ ಇಡಿ. ಕಾರು ತಲೆಕೆಳಗಾಗಿ ನೀವು ಬೆಲ್ಟಿನಲ್ಲಿ ನೇತಾಡುತ್ತಿದ್ದರೆ, ಮೊದಲು ಒಂದು ಕೈಯನ್ನು ಚಾವಣಿಗೆ ಊರಿ, ಕಾಲನ್ನು ಗಟ್ಟಿಯಾಗಿ ಒತ್ತಿಟ್ಟು, ಆಮೇಲೆ ಬಕಲ್ ಒತ್ತಿ. ಇಲ್ಲದಿದ್ದರೆ ಕುತ್ತಿಗೆಯ ಮೇಲೆ ಬೀಳುತ್ತೀರಿ.

ಕಾನೂನಿನಿಂದ ಸಾವು ಕಡಿಮೆ ಆಗಿದೆಯಾ ಅಂತ ಕೇಳಿದ್ದೀರಿ. ಆಗಿದೆ. ಆದರೆ ಎಲ್ಲಿ, ಹೇಗೆ ಅನ್ನೋದನ್ನು ನೋಡಬೇಕು.

ಬೆಲ್ಟ್ ಹಾಕುವುದನ್ನು ಮೊದಲು ಕಡ್ಡಾಯ ಮಾಡಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರ ಡಿಸೆಂಬರಿನಲ್ಲಿ. ಆ ವರ್ಷ ಅಲ್ಲಿ ರಸ್ತೆಯಲ್ಲಿ 1,061 ಜನ ಸತ್ತಿದ್ದರು. ಈಗ ಜನ, ಗಾಡಿ ಎಷ್ಟೋ ಹೆಚ್ಚಿದ್ದರೂ ವರ್ಷದ ಸಾವು 300ರ ಆಸುಪಾಸಿನಲ್ಲಿದೆ. ಇದೆಲ್ಲ ಬೆಲ್ಟಿನ ಸಾಧನೆ ಅಂದರೆ ತಪ್ಪಾಗುತ್ತದೆ. ಕುಡಿದು ಓಡಿಸುವವರ ತಪಾಸಣೆ, ವೇಗದ ಕ್ಯಾಮೆರಾ, ಒಳ್ಳೆಯ ರಸ್ತೆ, ಒಳ್ಳೆಯ ಕಾರು ಎಲ್ಲವೂ ಆಮೇಲೆ ಸೇರಿಕೊಂಡವು. ಬೆಲ್ಟಿನ ಪಾಲು ಇನ್ನೂ ಚೆನ್ನಾಗಿ ಕಾಣುವುದು ಬ್ರಿಟನ್ನಿನಲ್ಲಿ. ಅಲ್ಲಿ 1983ರ ಜನವರಿ 31ರಂದು ಮುಂದಿನ ಸೀಟಿಗೆ ಕಡ್ಡಾಯ ಆಯಿತು. ಅದಕ್ಕೂ ಮುಂಚೆ ಹತ್ತರಲ್ಲಿ ನಾಲ್ವರು ಬೆಲ್ಟ್ ಹಾಕುತ್ತಿದ್ದರು. ಕಾನೂನು ಬಂದ ಕೂಡಲೇ ಒಂಬತ್ತಕ್ಕೂ ಹೆಚ್ಚು ಜನ ಹಾಕತೊಡಗಿದರು. ಒಂದೇ ಸಲ ಬದಲಾದ್ದರಿಂದ ಮೊದಲು ಮತ್ತು ಆಮೇಲೆ ಅಂತ ಹೋಲಿಸುವುದು ಸುಲಭವಾಯಿತು. ಮುಂದಿನ ಸೀಟಿನಲ್ಲಿ ಸಾವು ಮತ್ತು ದೊಡ್ಡ ಗಾಯ ಶೇ. 20ಕ್ಕಿಂತ ಜಾಸ್ತಿ ಇಳಿದಿತ್ತು.

ನಿಮ್ಮ ಭಾವನವರ ವಾದ ಹೊಸದಲ್ಲ, ದಡ್ಡತನದ ಮಾತೂ ಅಲ್ಲ. 1975ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ ಇದೇ ಮಾತನ್ನು ಅಂಕಿಅಂಶ ಇಟ್ಟುಕೊಂಡು ಹೇಳಿದರು. ಕಾರು ಸುರಕ್ಷಿತವಾದಷ್ಟೂ ಓಡಿಸುವವರು ಧೈರ್ಯ ಮಾಡುತ್ತಾರೆ, ಅದರ ಪೆಟ್ಟು ನಡೆದು ಹೋಗುವವರಿಗೆ ಬೀಳುತ್ತದೆ ಅನ್ನೋದು ಅವರ ವಾದ. ಬ್ರಿಟನ್ನಿನಲ್ಲಿ ಭೂಗೋಳದ ಪ್ರೊಫೆಸರ್ ಜಾನ್ ಆಡಮ್ಸ್ ಕೂಡ ಹೀಗೇ ಪ್ರಶ್ನೆ ಎತ್ತಿದರು. ಪಾದಚಾರಿಗಳ ಮೇಲಿನ ಈ ಕಾಳಜಿ ಸರಿಯಾದದ್ದೇ. ಹಾಗಾಗಿ ಆಮೇಲಿನವರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅರ್ಥಶಾಸ್ತ್ರಜ್ಞರಾದ ಅಲ್ಮಾ ಕೋಹೆನ್ ಮತ್ತು ಲಿರಾನ್ ಐನಾವ್ 2003ರಲ್ಲಿ ಅಮೆರಿಕದ ರಾಜ್ಯಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರು. ಬೆಲ್ಟ್ ಹಾಕಿದ್ದಕ್ಕೆ ಬೇರೆಯವರಿಗೆ ಅಪಾಯ ಜಾಸ್ತಿ ಆದ ಗುರುತು ಅವರಿಗೆ ಸಿಗಲಿಲ್ಲ. ಕಾನೂನಿನಿಂದ ಸಾವು ಇಳಿದದ್ದು ನಿಜ, ಆದರೆ ಸರ್ಕಾರ ಹೇಳಿಕೊಂಡಷ್ಟು ಅಲ್ಲ ಅಂತ ಅವರು ಬರೆದರು. ಅದಕ್ಕೆ ಒಂದು ಕಾರಣ ಇದೆ. ಯಾರು ಹೇಳದೆಯೇ ಬೆಲ್ಟ್ ಹಾಕುತ್ತಾರೋ ಅವರು ಮೊದಲೇ ಜೋಪಾನದ ಜನ. ಕುಡಿದು, ರಾತ್ರಿಯಲ್ಲಿ, ಜೋರಾಗಿ ಓಡಿಸುವವರು ಕಾನೂನು ಬಂದರೂ ಕೊನೆಗೆ ಹಾಕುವವರು. ಅಪಘಾತ ಹೆಚ್ಚು ಆಗೋದು ಆ ಕೊನೆಯವರಿಗೇ. ಹಾಗಾಗಿ ಬೆಲ್ಟ್ ಹಾಕುವವರ ಸಂಖ್ಯೆ ಏರಿದಷ್ಟು ಬೇಗ ಸಾವಿನ ಸಂಖ್ಯೆ ಇಳಿಯುವುದಿಲ್ಲ.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಕೇಂದ್ರ ಸಾರಿಗೆ ಇಲಾಖೆಯ ವರದಿ ಪ್ರಕಾರ 2022ರಲ್ಲಿ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಸೀಟ್ ಬೆಲ್ಟ್ ಹಾಕಿರದವರು 16,715. ಅದರಲ್ಲಿ ಓಡಿಸುತ್ತಿದ್ದವರು 8,384, ಜೊತೆಗೆ ಕೂತಿದ್ದವರು 8,331. ಬೆಲ್ಟ್ ಹಾಕಿದ್ದರೆ ಇಷ್ಟೂ ಜನ ಉಳಿಯುತ್ತಿದ್ದರು ಅಂತ ನಾನು ಹೇಳಲ್ಲ. ಮೂರರಲ್ಲಿ ಒಬ್ಬರು ಉಳಿದಿದ್ದರೂ ಐದೂವರೆ ಸಾವಿರ ಮನೆ. ಸತ್ತವರಲ್ಲಿ ಸುಮಾರು ಶೇ. 44 ಮಂದಿ ದ್ವಿಚಕ್ರ ವಾಹನದವರು ಅನ್ನೋದೂ ನೆನಪಿರಲಿ. ಬೆಲ್ಟಿನ ಕಾನೂನು ಎಷ್ಟೇ ಗಟ್ಟಿಯಾದರೂ ಅವರನ್ನು ಮುಟ್ಟುವುದಿಲ್ಲ. ಅಲ್ಲಿ ಹೆಲ್ಮೆಟ್, ವೇಗ, ರಸ್ತೆಯ ಬೆಳಕು ಇವೇ ಬೇಕು.

ಕಾನೂನು ಏನು ಹೇಳುತ್ತದೆ ಅನ್ನೋದು ಬಹಳ ಜನಕ್ಕೆ ಅರ್ಧ ಮಾತ್ರ ಗೊತ್ತು. ಕೇಂದ್ರ ಮೋಟಾರು ವಾಹನ ನಿಯಮ 138ರ ಪ್ರಕಾರ ಓಡಿಸುವವರು, ಮುಂದಿನ ಸೀಟಿನವರು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರು ಎಲ್ಲರೂ ಬೆಲ್ಟ್ ಹಾಕಬೇಕು. 2019ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ಪ್ರಕಾರ ದಂಡ 1000 ರೂಪಾಯಿ. ಜೊತೆಗಿರುವವರು ಹಾಕದಿದ್ದರೂ ಹೊಣೆ ಗಾಡಿ ಓಡಿಸುವವರದ್ದೇ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೂ ಅಷ್ಟೇ ದಂಡ. ಹಿಂದಿನ ಸೀಟಿನ ಮಾತು ದೇಶಕ್ಕೆಲ್ಲ ನೆನಪಾದದ್ದು 2022ರ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ. ದುಬಾರಿ ಕಾರು, ಏರ್‌ಬ್ಯಾಗ್ ಎಲ್ಲ ಇತ್ತು. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಹೋದರು. ಮುಂದಿನ ಇಬ್ಬರು ಗಾಯಗೊಂಡು ಉಳಿದರು.

ಹಿಂದಿನವರು ಹಾಕದಿದ್ದರೆ ಮುಂದಿನವರಿಗೂ ಅಪಾಯ. ಡಿಕ್ಕಿಯಾದಾಗ ಹಿಂದಿನವರ ಇಡೀ ಭಾರ ಮುಂದಿನ ಸೀಟಿನ ಬೆನ್ನಿಗೆ ಬಂದು ಬೀಳುತ್ತದೆ. ಮುಂದಿರುವವರು ಬೆಲ್ಟ್ ಮತ್ತು ಸೀಟಿನ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಹೀಗೆ ಆದಾಗ ಮುಂದಿನವರು ಸಾಯುವ ಅಪಾಯ ಐದು ಪಟ್ಟಿನವರೆಗೆ ಹೋಗುತ್ತದೆ ಅಂತ 2002ರ ಒಂದು ಜಪಾನಿ ಅಧ್ಯಯನ ಕಂಡಿತು. ಆಮೇಲಿನ ಅಮೆರಿಕದ ಅಧ್ಯಯನಗಳಲ್ಲಿ ಅಂಕಿ ಅಷ್ಟು ದೊಡ್ಡದಾಗಿ ಬರಲಿಲ್ಲ, ಆದರೆ ಅಪಾಯ ಹೆಚ್ಚುತ್ತದೆ ಅನ್ನೋದರಲ್ಲಿ ಒಮ್ಮತ ಇದೆ.

ನನ್ನ ಪ್ರಕಾರ ಮಲೆನಾಡಿನಲ್ಲಿ ಕಾನೂನು ಸೋಲುತ್ತಿರುವುದು ಪೇಟೆ ದಾಟಿದ ಮೇಲೆ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಬಿಗಿಯಾಗಿ ಹಾಕಿದ್ದ ಬೆಲ್ಟ್ ಗಾಜನೂರು ದಾಟುತ್ತಿದ್ದಂತೆ ಕಳಚುತ್ತದೆ. ಪೊಲೀಸರು ನಿಲ್ಲುವುದು ಸರ್ಕಲ್ಲಿನಲ್ಲಿ, ಕ್ಯಾಮೆರಾ ಇರುವುದೂ ಪೇಟೆಯಲ್ಲಿ. ಅಪಾಯ ಜಾಸ್ತಿ ಇರುವುದು ಮಾತ್ರ ಆಸ್ಪತ್ರೆ ದೂರ ಇರುವ ಘಾಟಿಯಲ್ಲಿ. ಆಗುಂಬೆ ಹತ್ತಿರ ತಲೆಗೆ ಪೆಟ್ಟು ಬಿದ್ದವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ತರಲು ತಿರುವಿನ ರಸ್ತೆಯಲ್ಲಿ 90 ಕಿ.ಮೀ. ಬರಬೇಕು. ಮಳೆಗಾಲದಲ್ಲಿ ಮಂಜು ಬೇರೆ. ಪೇಟೆಯಲ್ಲಿ ಬದುಕಬಹುದಾದ ಗಾಯಕ್ಕೆ ಇಲ್ಲಿ ಹಾದಿಯಲ್ಲೇ ಜೀವ ಹೋಗುತ್ತದೆ. ದಂಡವನ್ನು ಎರಡು ಸಾವಿರ ಮಾಡಿದರೆ ಇದು ಸರಿಹೋಗಲ್ಲ. ಎಲ್ಲಿ ಬೇಕಾದರೂ ಹಿಡಿಯಬಹುದು ಅನ್ನೋ ನಂಬಿಕೆ ಬಂದಾಗ ಮಾತ್ರ ಜನ ಅಭ್ಯಾಸ ಬದಲಿಸುತ್ತಾರೆ, ಅದಕ್ಕೆ ದಂಡ ಸಣ್ಣದಿದ್ದರೂ ಸಾಕು. ಮಂಡಗದ್ದೆ, ಆಯನೂರು, ರಿಪ್ಪನ್‌ಪೇಟೆಯಂಥ ಕಡೆ ಆಗಾಗ, ಬೇರೆ ಬೇರೆ ಹೊತ್ತಿನಲ್ಲಿ ತಪಾಸಣೆ ನಡೆಯಬೇಕು. ಹಿಂದಿನ ಸೀಟನ್ನೂ ಬಗ್ಗಿ ನೋಡಬೇಕು.

ಹಿಂದಿನ ಸೀಟಿನ ಬಗ್ಗೆ ಇನ್ನೂ ಒಂದು ಮಾತಿದೆ. ಕಾರು ತಗೊಂಡ ವಾರದೊಳಗೆ ಸೀಟ್ ಕವರ್ ಹಾಕಿಸುತ್ತೇವೆ. ಹಾಕುವವರು ಹಿಂದಿನ ಬಕಲ್‌ಗಳನ್ನು ಕವರಿನ ಅಡಿಗೆ ತಳ್ಳಿ ನೀಟಾಗಿ ಹೊಲಿದುಬಿಡುತ್ತಾರೆ. ಆಮೇಲೆ ಬೆಲ್ಟ್ ಎಳೆದರೂ ಸಿಕ್ಕಿಸಲು ಜಾಗ ಇಲ್ಲ. ಇವತ್ತೇ ನಿಮ್ಮ ಕಾರಿನ ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ ನೋಡಿ. ಬಕಲ್ ಸಿಗದಿದ್ದರೆ ಕವರ್ ಕತ್ತರಿಸಿ ಮೇಲೆ ತೆಗೆಸಿ. ಅಲಾರಂ ನಿಲ್ಲಿಸಲು ಬಕಲ್ಲಿಗೆ ಸಿಕ್ಕಿಸುವ ಕ್ಲಿಪ್ ಇದ್ದರೆ ಬಿಸಾಡಿ. ಆ ಕ್ಲಿಪ್‌ಗಳ ಮಾರಾಟ ನಿಲ್ಲಿಸುವಂತೆ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟಿದೆ. ಜೀಪು, ಹಳೆಯ ಬೊಲೆರೊಗಳ ಹಿಂದೆ ಎದುರುಬದುರಾಗಿ ಇರುವ ಅಡ್ಡ ಸೀಟಿಗೆ ನಿಯಮ ಬೆಲ್ಟ್ ಕೇಳುವುದೇ ಇಲ್ಲ. ತೋಟದ ಕೆಲಸಕ್ಕೆ ಜನ ಹೋಗುವುದು ಅಂಥ ಗಾಡಿಗಳಲ್ಲೇ. ಈ ತೂತನ್ನು ಮುಚ್ಚದೆ ಮಲೆನಾಡಿನಲ್ಲಿ ಕಾನೂನು ಪೂರ್ತಿ ಆಯಿತು ಅಂತ ನಾನು ಒಪ್ಪುವುದಿಲ್ಲ.

ಈಗ ಅಮ್ಮ ಮತ್ತು ಮಗು. ತೊಡೆ ಮೇಲೆ ಮಗು ಖಂಡಿತ ಬೇಡ. 10 ಕೆ.ಜಿ. ಮಗು 40ರ ವೇಗದಿಂದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲಬೇಕಾದರೆ, ಹಿಡಿದ ಕೈಗೆ 110 ಕೆ.ಜಿ.ಗೂ ಹೆಚ್ಚು ಭಾರ ಬೀಳುತ್ತದೆ. ಅಷ್ಟನ್ನು ಯಾವ ಅಜ್ಜಿಯ ಕೈಯೂ ಹಿಡಿಯಲಾರದು, ನನ್ನ ಕೈಯೂ ಹಿಡಿಯಲಾರದು. ಒಂದೇ ಬೆಲ್ಟಿನಲ್ಲಿ ಇಬ್ಬರನ್ನೂ ಸುತ್ತುವುದು ಇನ್ನೂ ಕೆಟ್ಟದ್ದು, ದೊಡ್ಡವರ ಮೈ ಮಗುವನ್ನು ಅಪ್ಪಚ್ಚಿ ಮಾಡುತ್ತದೆ. ಮಗುವಿನ ತೂಕ, ಎತ್ತರಕ್ಕೆ ಸರಿಯಾದ ಮಕ್ಕಳ ಸೀಟು ತಂದು ಹಿಂದಿನ ಸೀಟಿನಲ್ಲಿ ಕಟ್ಟಿ. ತೀರಾ ಸಣ್ಣ ಕೂಸಾದರೆ ಸೀಟು ಹಿಂದಕ್ಕೆ ಮುಖ ಮಾಡಿರಲಿ. ಅದನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಇಡಬೇಡಿ.

ಅಮ್ಮನಿಗೆ ಕುತ್ತಿಗೆಗೆ ಒತ್ತಿದರೆ ಕೆಲವರು ಬೆಲ್ಟನ್ನು ಕಂಕುಳ ಕೆಳಗಿಂದ ತರುತ್ತಾರೆ. ಹಾಗೆ ಮಾಡಿದರೆ ಡಿಕ್ಕಿಯಲ್ಲಿ ಮೆತ್ತಗಿನ ಪಕ್ಕೆಲುಬು ಮುರಿದು ಒಳಗಿನ ಅಂಗಕ್ಕೆ ಚುಚ್ಚುತ್ತದೆ. ಅದರ ಬದಲು ಮುಂದಿನ ಸೀಟಿನ ಪಕ್ಕದ ಕಂಬ ನೋಡಿ. ಎಷ್ಟೋ ಕಾರುಗಳಲ್ಲಿ ಬೆಲ್ಟಿನ ಬಳೆಯನ್ನು ಒತ್ತಿ ಕೆಳಕ್ಕೆ ಇಳಿಸಬಹುದು. ಇಳಿಸಿದರೆ ಪಟ್ಟಿ ಹೆಗಲ ನಡುವೆ ಬರುತ್ತದೆ. ಸೊಂಟವನ್ನು ಸೀಟಿನ ಬೆನ್ನಿಗೆ ತಾಗುವಂತೆ ಹಿಂದಕ್ಕೆ ಒತ್ತಿ ಕೂರಲಿ, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಇರಲಿ. ಮೆತ್ತನೆ ದಿಂಬು ಹಾಕಿ ಎತ್ತರಿಸಬೇಡಿ, ದಿಂಬಿನ ಮೇಲೆ ಕೂತವರು ಬೆಲ್ಟಿನ ಅಡಿಗೆ ಜಾರುತ್ತಾರೆ. ಮೊಮ್ಮಗುವಿನ ಪಕ್ಕದಲ್ಲೇ ಇರಬೇಕು ಅಂದರೆ ಹಿಂದಿನ ಸೀಟಿನ ಒಂದು ತುದಿಯಲ್ಲಿ ಮಗುವಿನ ಸೀಟು, ಇನ್ನೊಂದು ತುದಿಯಲ್ಲಿ ಅಮ್ಮ. ಕೈ ಚಾಚಿದರೆ ಮಗು ಸಿಗುತ್ತದೆ. ನಡುವಿನ ಜಾಗದಲ್ಲಿ ಸೊಂಟದ ಪಟ್ಟಿ ಮಾತ್ರ ಇರುವ ಕಾರಾದರೆ ಅಲ್ಲಿ ಅವರನ್ನು ಕೂರಿಸಬೇಡಿ.